ಅವಲಕ್ಕಿ ಡಬ್ಬದ ಮುಚ್ಚಳವೂ ಇಜಿಆರ್ ವಾಲ್ವೂ

ಬಾನೆಟ್ ಎತ್ತಿ, ಸೊಂಟಕ್ಕೆ ಕೈಯಿಟ್ಟು, ಒಳಗೆ ಇಣುಕಿ "ಹ್ಞೂಂ…" ಎನ್ನುವ ಗಂಡಸರ ಪಂಗಡಕ್ಕೆ ನೀವೂ ಸೇರಿದವರಾದರೆ ಬನ್ನಿ, ಪಕ್ಕದಲ್ಲೇ ಕೂತುಕೊಳ್ಳಿ. ಆ ಗುಹೆಯೊಳಗೆ ನಮಗೆ ಖಚಿತವಾಗಿ ಗುರುತು ಸಿಗುವುದು ಬ್ಯಾಟರಿ ಮತ್ತು ವೈಪರಿನ ನೀರಿನ ಡಬ್ಬಿ, ಎರಡೇ. ಆದರೂ "ಹ್ಞೂಂ" ಎನ್ನುವಾಗ ದನಿಯಲ್ಲಿ ಒಂದು ತೂಕ ಇರುತ್ತದೆ. ನನ್ನನ್ನು ಕೆಡಿಸಿದ್ದು ಆ ತೂಕವೇ.

ನನ್ನದು ಎಂಎಚ್-05 ನಂಬರಿನ ಹಳೆಯ ಡೀಸೆಲ್ ಕಾರು. 2010ರ ಏಪ್ರಿಲ್‌ನಲ್ಲಿ ಮುಂಬಯಿ ಸೇರಿ 13 ನಗರಗಳಿಗೆ ಬಿಎಸ್-4 ಹೊಗೆ ನಿಯಮ ಬಂತಲ್ಲ, ಅದರ ಬೆನ್ನಿಗೇ ಹುಟ್ಟಿದ್ದು. ಡೊಂಬಿವ್ಲಿಯಿಂದ ಠಾಣೆಗೆ, ಕಲ್ಯಾಣಕ್ಕೆ, ವಾಶಿಗೆ ಎಂದು ನಮ್ಮ ಸಂಸಾರವನ್ನೂ ಊರಿಂದ ಬಂದ ಹಲಸಿನಕಾಯಿಗಳನ್ನೂ ಭೇದವೆಣಿಸದೆ ಹೊತ್ತ ಜೀವ. ಈಚೆಗೆ ಮುಂಬ್ರಾ ಬೈಪಾಸಿನ ಏರಿನಲ್ಲಿ ಅದಕ್ಕೆ ಉಬ್ಬಸ ಶುರುವಾಯಿತು. ಹಿಂದೆ ಕರಿಹೊಗೆ, ಮುಂದೆ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ. ಸಿಮೆಂಟ್ ಮೂಟೆ ಹೊತ್ತ ಟೆಂಪೊ ಒಂದು ನನ್ನನ್ನು ದಾಟಿ ಹೋಗುವಾಗ ಅದರ ಕ್ಲೀನರ್ ಹುಡುಗ ಕೈಬೀಸಿ ಧೈರ್ಯ ಹೇಳಿದ.

ಕಟಾಯಿ ನಾಕಾ ಹತ್ತಿರದ ನಮ್ಮ ಮೆಕ್ಯಾನಿಕ್ ವಿಜಯಪುರದ ಕಡೆಯವರು. ಶಬ್ದ ಕೇಳಿ, "ಇಜಿಆರ್ ವಾಲ್ವಿನ್ಯಾಗ ಕಾರ್ಬನ್ ಕುಂತಿರಬಹುದ್ರಿ ಸಾಹೇಬ್ರ. ಗಾಡಿ ಬಿಟ್ಟು ಹೋಗ್ರಿ, ತೊಳದು ನೋಡೂಣು" ಎಂದರು. ಬಿಟ್ಟು ಬರಬೇಕಿತ್ತು. ನಾನು ಗಾಡಿಯ ಜೊತೆ ಆ ಮೂರಕ್ಷರವನ್ನೂ ಮನೆಗೆ ತಂದು, ರಾತ್ರಿ ಫೋನು ಹಿಡಿದು ಕೂತೆ. ಬೆಳಗಾಗುವಷ್ಟರಲ್ಲಿ ನಾನು ತಜ್ಞ.

ಎಂಜಿನ್ ಉಗುಳಿದ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿ ಅದರ ಬಾಯಿಗೇ ಹಾಕುವ ಏರ್ಪಾಡು ಈ ಇಜಿಆರ್. ಸುಟ್ಟ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಅದು ಒಳಸೇರಿದರೆ ಉರಿಯ ಬಿಸಿ ತಗ್ಗುತ್ತದೆ, ಬಿಸಿ ತಗ್ಗಿದರೆ ನೈಟ್ರೋಜನ್ ಆಕ್ಸೈಡ್ ಎಂಬ ಕೆಟ್ಟ ಅನಿಲ ಹುಟ್ಟುವುದೂ ತಗ್ಗುತ್ತದೆ. ಊರಿನ ಶ್ವಾಸಕೋಶಕ್ಕೆ ಕ್ಷೇಮ. ಎಂಜಿನ್ನಿಗೆ ಮಾತ್ರ ಆ ಹೊಗೆಯ ಮಸಿಯೂ ಎಣ್ಣೆಯ ಆವಿಯೂ ಸೇರಿ ವಾಲ್ವಿನಲ್ಲಿ, ಗಾಳಿಯ ದಾರಿಯಲ್ಲಿ ಕರೀ ಅಂಟಾಗಿ ಮೆತ್ತಿಕೊಳ್ಳುತ್ತದೆ. ಮಿಂದ ನೀರನ್ನೇ ಕುಡಿಸಿದ ಹಾಗಾಯಿತಲ್ಲ ನನ್ನ ಮುದಿ ಕಾರಿಗೆ ಎಂದು ರೋಷ ಉಕ್ಕಿತು. ತೊಳೆಯುವುದೆಲ್ಲ ಹೇಡಿಗಳ ದಾರಿ, ನಡುವೆ ಒಂದು ತಗಡು ಕೂರಿಸಿ ದಾರಿಯನ್ನೇ ಮುಚ್ಚಿಬಿಡೋಣ ಎಂದು ಮೆಕ್ಯಾನಿಕ್‌ಗೆ ಫೋನು ಮಾಡಿದೆ. "ಬ್ಯಾಡ್ರಿ. ಕಾಯ್ದೆನೂ ಒಪ್ಪಂಗಿಲ್ಲ, ಗಾಡಿ ಕಂಪ್ಯೂಟರೂ ಒಪ್ಪಂಗಿಲ್ಲ" ಎಂದರು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಇಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳ ತನಕ ಜೈಲು, ಇಲ್ಲವೇ ಎರಡೂ. ಇದನ್ನು ನಾನು ಓದಿದ್ದು ಆಮೇಲೆ. ಜೈಲೇ ವಾಸಿ ಎನಿಸುವ ಘಳಿಗೆಗಳು ಮುಂದೆ ಬರುವುದಿದ್ದವು.

ಭಾನುವಾರ ಸೊಸೈಟಿಯ ಪಾರ್ಕಿಂಗಿನಲ್ಲಿ ಹಳೇ ಬನಿಯನ್ ತೊಟ್ಟು ನಿಂತೆ. ತಗಡು ಎಲ್ಲಿ? ಅಡುಗೆಮನೆಯಲ್ಲಿ ಅವಲಕ್ಕಿ ಡಬ್ಬದ ಸ್ಟೀಲ್ ಮುಚ್ಚಳ ಫಳಫಳ ಹೊಳೆಯುತ್ತಿತ್ತು. ಹೆಂಡತಿ ದೇವಸ್ಥಾನಕ್ಕೆ ಹೋದ ಸಮಯ ನೋಡಿ ಅದನ್ನು ಕತ್ತರಿಸಿದೆ. ಗ್ಯಾಸ್ಕೆಟ್ಟನ್ನು ಅದರ ಮೇಲಿಟ್ಟು ಮಗಳ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಗೆರೆ ಬಹಳ ಚೆನ್ನಾಗಿ ಬಂದಿತ್ತು. ಕತ್ತರಿ ಗೆರೆಯ ಮಾತು ಕೇಳಲಿಲ್ಲ, ಅಷ್ಟೇ.

ವಾಲ್ವ್ ಬಿಚ್ಚಿದಾಗ ಒಳಗಿಂದ ವರ್ಷಗಟ್ಟಲೆಯ ಮಸಿ ಇಳಿಯಿತು. ಒರೆಸಿಕೊಳ್ಳಲು ಹೋದಲ್ಲೆಲ್ಲ ಹರಡಿತು. ಅಷ್ಟಕ್ಕೆ ನಿಲ್ಲಿಸಬಹುದಿತ್ತು ಮಾರಾಯ್ರೇ! ಪಕ್ಕದಲ್ಲಿ ಇನ್ನೊಂದು ದಪ್ಪ ಹೋಸು ಕಂಡಿತು, ಅದನ್ನೂ ಎಳೆದೆ. ಮರಳುವ ಹೊಗೆಯನ್ನು ತಣಿಸಲು ಕೂಲರ್ ಎಂಬುದೊಂದಿದೆ, ಅದರೊಳಗೆ ರೇಡಿಯೇಟರಿನ ಕೂಲೆಂಟ್ ಓಡುತ್ತದೆ ಎನ್ನುವ ಪುಟ ತಲುಪುವಷ್ಟರಲ್ಲಿ ಆ ರಾತ್ರಿ ನನಗೆ ನಿದ್ದೆ ಬಂದಿರಬೇಕು. ಹಸಿರು ದ್ರವ ಬಳಬಳನೆ ಸುರಿದು ಪಾರ್ಕಿಂಗಿನ ಉದ್ದಕ್ಕೆ ಹರಿದು ಗೇಟಿನ ಬಳಿ ಮಡುಗಟ್ಟಿತು.

ಬೇರೆ ಊರಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಇದು ಡೊಂಬಿವ್ಲಿ. ಇಲ್ಲಿ ಹಸಿರು ಮಳೆ ಬಿದ್ದಿದೆ. 2020ರ ಫೆಬ್ರವರಿಯಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದ ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿ, ಮುಖ್ಯಮಂತ್ರಿಗಳೇ ಬಂದು ನೋಡಿ ಹೋಗಿದ್ದಾರೆ. ಬಣ್ಣದ ನೀರು ಕಂಡರೆ ಜನ ಸುಮ್ಮನಿರುತ್ತಾರೆಯೇ? ವಾಚ್‌ಮನ್ ಸೀಟಿ ಊದಿದ. ಎ ವಿಂಗ್ ಮೂಗಿಗೆ ಕರವಸ್ತ್ರ ಕಟ್ಟಿ ಕೆಳಗಿಳಿಯಿತು, ಬಿ ವಿಂಗ್ ಕಿಟಕಿ ಮುಚ್ಚಿತು. ಹಿರಿಯರೊಬ್ಬರು ಫ್ಯಾಕ್ಟರಿಯ ಕೆಮಿಕಲ್ ಎಂದು ಪಾಲಿಕೆಗೆ ಫೋನು ಹಚ್ಚುತ್ತಿದ್ದಾಗ ನಾನು ಕಾರಿನಡಿಯಿಂದ ತಲೆ ಹೊರಹಾಕಿ "ಫ್ಯಾಕ್ಟರಿ ನಾನೇ" ಎನ್ನಬೇಕಾಯಿತು. ಮುಖವೆಲ್ಲ ಮಸಿ, ಬನಿಯನ್ ಹಸಿರು. ಮಗುವೊಂದು ಹೆದರಿ ಅತ್ತಿತು. ನೀರು ಬಳಿಯುವಾಗ ದೇವಸ್ಥಾನದಿಂದ ಬಂದ ಹೆಂಡತಿ ಪ್ರಸಾದ ಕೈಯಲ್ಲಿಟ್ಟು, "ನಿಮ್ಗೆ ಮರ್ಲಾ?" ಎಂದಷ್ಟೇ ಕೇಳಿದಳು. ಮುಚ್ಚಳದ ವಿಷಯ ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಆದರೂ ತಗಡು ಕೂರಿಸಿ, ಹೋಸು ಸಿಕ್ಕಿಸಿ, ಕೂಲೆಂಟ್ ತುಂಬಿದ ಮೇಲೆ ಗಾಡಿ ಸ್ಟಾರ್ಟ್ ಆಯಿತು! ಓಟದಲ್ಲಿ ಹೊಸ ಹುರುಪು ಕಂಡಿತು, ಅಥವಾ ಕಾಣಲೇಬೇಕೆಂದು ನಾನು ಹಟ ಹಿಡಿದೆ. ಹಳದಿ ದೀಪ ಮಾತ್ರ ಆರಲಿಲ್ಲ. ಹೆಂಡತಿಯ ಬೊಟ್ಟಿನ ಪ್ಯಾಕೆಟ್ಟಿನಿಂದ ಒಂದನ್ನು ಕಿತ್ತು ಅದರ ಮೇಲೆ ಅಂಟಿಸಿದೆ. ಕಲ್ಯಾಣದಲ್ಲಿ ಪಿಯುಸಿ ಹೊಗೆ ತಪಾಸಣೆಗೆ ನಿಲ್ಲಿಸುವಾಗ ಎದೆ ಡವಗುಟ್ಟುತ್ತಿತ್ತು, ಮಾಲಿನ್ಯದ ದಂಡ ಹತ್ತು ಸಾವಿರದ ತನಕ ಏರುತ್ತದಲ್ಲ. ಪಾಸ್! ಡೀಸೆಲ್ ಗಾಡಿಗೆ ಅಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಎಂಬುದನ್ನು. ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ಕೇಳುವುದೇ ಇಲ್ಲ. ಇಜಿಆರ್ ಇರುವುದು ಅದಕ್ಕೇ ಎಂದು ತಿಳಿದೂ ನಾನು ಸರ್ಟಿಫಿಕೇಟನ್ನು ರ‍್ಯಾಂಕ್ ಬಂದವನ ಗತ್ತಿನಲ್ಲಿ ಎಲ್ಲರಿಗೂ ತೋರಿಸಿದೆ.

ಆ ಗತ್ತಿನಲ್ಲೇ ವಾಶಿಯ ನಿಶ್ಚಿತಾರ್ಥಕ್ಕೆ ಹೊರಟೆವು. ಮುಂದೆ ಬಿಳಿ ಪಂಚೆ, ಬಿಳಿ ಅಂಗಿಯ ಮಾವ. ಹಿಂದೆ ರೇಷ್ಮೆ ಸೀರೆಯ ಅತ್ತೆ, ಹೆಂಡತಿ, ಮಗಳು. ಶಿಳ್‌ಫಾಟಾ ದಾಟಿ ಮಹಾಪೆಯ ಏರು ಹತ್ತುವಾಗ "ಅಮ್ಮಾ, ಮೀಟರಿಗೆ ನಿನ್ನ ಬೊಟ್ಟು!" ಎಂದಳು ಮಗಳು. ಅದೇ ಕ್ಷಣಕ್ಕೆ ಕಾರು ಲಿಂಪ್ ಮೋಡಿಗೆ ಹೋಯಿತು. ಕಂಪ್ಯೂಟರು ವಾಲ್ವ್ ತೆರೆ ಎನ್ನುತ್ತದೆ, ತೆರೆದರೆ ಹೊರಗಿಂದ ಬರುವ ಹೊಸ ಗಾಳಿ ಕಡಿಮೆಯಾಗಬೇಕು. ನನ್ನ ಮುಚ್ಚಳದ ದೆಸೆಯಿಂದ ಆ ಲೆಕ್ಕ ತಾಳೆಯಾಗಲಿಲ್ಲ. ಪಿ0401 ಎಂದು ದೂರು ಬರೆದುಕೊಂಡು ಅದು ಎಂಜಿನ್ನಿನ ಶಕ್ತಿ ಕಿತ್ತುಕೊಂಡಿತು. ಮುದುಕರೊಬ್ಬರು ಸೈಕಲ್ ತಳ್ಳಿಕೊಂಡು ನಮ್ಮನ್ನು ದಾಟಿದರು. ಸೈಕಲ್ ತುಳಿದುಕೊಂಡಲ್ಲ, ತಳ್ಳಿಕೊಂಡು.

ಆಗಲೇ ಅವಲಕ್ಕಿ ಡಬ್ಬದ ಮುಚ್ಚಳ ಶಾಖಕ್ಕೆ ಸೊಟ್ಟಗಾಗಿ ಜಾಗ ಬಿಟ್ಟಿತು. ಬಾನೆಟ್ಟಿನಡಿ ಪಟಪಟ ಸದ್ದು, ಎಸಿಯ ಕಿಂಡಿಯಿಂದ ಹೊಗೆ. ಕಿಟಕಿ ಇಳಿಸುವಷ್ಟರಲ್ಲಿ ಮಾವನ ಬಿಳಿ ಪಂಚೆ ಕಾಗೆಯೂ ನಾಚುವ ಬಣ್ಣಕ್ಕೆ ತಿರುಗಿತ್ತು. ಸಜ್ಜನರು, ಮುಖ ಒರೆಸಿಕೊಂಡು, "ಅಳಿಯಂದಿರೇ, ಬಸ್ಸಿಗೆ ಹೋಗುವುದೇ?" ಎಂದರು. ಬಸ್ಸಿಗೇ ಹೋದೆವು. ಬೀಗರ ಫೋಟೋದಲ್ಲಿ ಮಾವ, ನಾನು ಇಬ್ಬರೂ ಹಿಂದಿನ ಸಾಲಿನಲ್ಲಿ, ಕಂಬದ ಮರೆಗೆ ಇದ್ದೇವೆ.

ಟೋಯಿಂಗ್ ಗಾಡಿಯ ಹಿಂದೆ ಕಟ್ಟಿಸಿಕೊಂಡು ಕಾರು ಕಟಾಯಿ ನಾಕಾಕ್ಕೆ ಬಂತು. ಮೆಕ್ಯಾನಿಕ್ ಬೈಯಲಿಲ್ಲ, ನಗಲೂ ಇಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಸುಟ್ಟ ಮುಚ್ಚಳವನ್ನು ಇಕ್ಕುಳದಲ್ಲಿ ಎತ್ತಿ ಬೆಳಕಿಗೆ ಹಿಡಿದು ತಿರುಗಿಸಿದರು. ಅದರ ಮೇಲೆ ಮದುವೆಗೆ ಉಡುಗೊರೆ ಕೊಟ್ಟವರ ಹೆಸರು ಅರ್ಧ ಉಳಿದಿತ್ತು. ಆಮೇಲೆ ವಾಲ್ವ್ ತೊಳೆದು, ಹೊಸ ಗ್ಯಾಸ್ಕೆಟ್ ಹಾಕಿ ಸ್ವಸ್ಥಾನದಲ್ಲಿ ಕೂರಿಸಿದರು. ಕಾರಿನ ಉಬ್ಬಸ ಹೋಗಲಿಲ್ಲ! ಕೊನೆಗೆ ಟಾರ್ಚ್ ಹಿಡಿದು ಕೆಳಗೆ ಬಗ್ಗಿ, "ಇಲ್ಲೈತಿ ನೋಡ್ರಿ ಸಾಹೇಬ್ರ" ಎಂದರು. ಟರ್ಬೊದಿಂದ ಇಂಟರ್‌ಕೂಲರಿಗೆ ಗಾಳಿ ಒಯ್ಯುವ ರಬ್ಬರ್ ಹೋಸಿನಲ್ಲಿ ಕಿರುಬೆರಳು ತೂರುವಷ್ಟು ಸೀಳು. ಒತ್ತಿದ ಗಾಳಿ ಅಲ್ಲೇ ಸೋರಿದರೆ ಡೀಸೆಲ್ ಪೂರ್ತಿ ಉರಿಯದೆ ಕರಿಹೊಗೆಯಾಗುತ್ತದೆ, ಏರಿನಲ್ಲಿ ದಮ್ಮು ಕಟ್ಟುತ್ತದೆ. ಅಂದರೆ ಇಡೀ ಪ್ರಕರಣದಲ್ಲಿ ಇಜಿಆರ್ ಸುಮ್ಮನೆ ಸಿಕ್ಕಿಬಿದ್ದ ಬಡಪಾಯಿ. ಹೋಸು, ಕ್ಲಿಪ್ಪು ಸೇರಿ ಎಂಟುನೂರು ರೂಪಾಯಿ. ಕೂಲೆಂಟ್, ಟೋಯಿಂಗ್, ಮಾವನ ಹೊಸ ಪಂಚೆ ಬೇರೆ ಲೆಕ್ಕ.

ಆದ್ದರಿಂದ ಠಾಣೆ, ಕಲ್ಯಾಣ, ವಾಶಿಯ ಬಾನೆಟ್ ಬಂಧುಗಳೇ, ನಿಮ್ಮ ಹಳೆಯ ಡೀಸೆಲ್ ಗಾಡಿ ಏರಿನಲ್ಲಿ ಕರಿಹೊಗೆ ಬಿಟ್ಟರೆ ಮೊದಲು ಆ ಹೋಸು ನೋಡಿಸಿ, ಆಮೇಲೆ ವಾಲ್ವ್ ತೊಳೆಸಿ. ಅಷ್ಟಾದ ಮೇಲೂ ಕೈ ತುರಿಸಿದರೆ ನಮ್ಮ ಮನೆಗೆ ಬನ್ನಿ, ಅವಲಕ್ಕಿ ಒಗ್ಗರಣೆ ಹಾಕಿಸುತ್ತೇನೆ. ಸ್ವಲ್ಪ ಮೆತ್ತಗಾಗಿದೆ. ಡಬ್ಬಕ್ಕೆ ಸದ್ಯ ತಟ್ಟೆ ಮುಚ್ಚುತ್ತಿದ್ದೇವೆ.