ಏರಿಗೊಂದು ಗೇರು

ಮೊಣಕಾಲು ನೋವಿಗೆಂದು ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಎರಡು ಗುಳಿಗೆಗಳ ಕೆಳಗೆ ‘ಸೈಕಲ್, ದಿನಾ ಅರ್ಧ ತಾಸು’ ಎಂದಿತ್ತು. ಔಷಧ ಅಂಗಡಿಯ ಹುಡುಗ ಅದನ್ನೂ ಗುಳಿಗೆ ಎಂದೇ ತಿಳಿದು ಕಪಾಟೆಲ್ಲ ತಡಕಾಡಿ, “ಇದೊಂದು ಸ್ಟಾಕಿಲ್ರಿ ಅಕ್ಕೋರೆ, ನಾಳೆ ಬರ್ತದ” ಎಂದ.

ನಾನು ಸೈಕಲ್ ಕಲಿತದ್ದು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತಿದ್ದ ಗಂಡಸರ ಸೈಕಲ್ಲಿನಲ್ಲಿ, ಅಡ್ಡ ಕಂಬಿಯ ಕೆಳಗಿಂದ ಕಾಲು ತೂರಿಸಿ ಒಳಪೆಡಲ್ ತುಳಿದು. ಈಗ ವಯಸ್ಸು ಐವತ್ತೆರಡು. ತೂರುವ ಅವಯವ ಯಾವುದೂ ಉಳಿದಿಲ್ಲ. ಬಜೆಟ್ಟು ಆರು ಸಾವಿರ, ಅಂದರೆ ಹೆಚ್ಚುಕಡಿಮೆ ಒಂದು ಕ್ವಿಂಟಲ್ ತೊಗರಿ. ನಮ್ಮ ಮನೆಯಲ್ಲಿ ಎಲ್ಲ ಖರ್ಚೂ ತೊಗರಿಯಲ್ಲೇ ಅಳತೆಯಾಗುವುದು. ಮಗಳ ಫೀಸು ಹತ್ತು ಕ್ವಿಂಟಲ್, ನನ್ನ ಕನ್ನಡಕ ಅರ್ಧ ಚೀಲ.

ಸುರಪುರದ ಅಂಗಡಿಯಲ್ಲಿ ನನ್ನನ್ನು ಕಂಡದ್ದೇ ಹುಡುಗನೊಬ್ಬ ಗುಲಾಬಿ ಬಣ್ಣದ್ದೊಂದನ್ನು ಹೊರಗೆಳೆದ. ಹೂವಿನ ಸ್ಟಿಕ್ಕರು, ಮುಂದೊಂದು ಸಸ್ಪೆನ್ಷನ್, ನಡುವೆ ಇನ್ನೊಂದು, ಇಪ್ಪತ್ತೊಂದು ಗೇರು. “ಲೇಡೀಸ್ ಮೌಂಟೇನ್ ಬೈಕ್ರಿ. ಹಿಮಾಲಯ ಬೇಕಾದ್ರೂ ಹತ್ತತದ.”

ನನಗೆ ಹತ್ತಬೇಕಾದದ್ದು ಹಿಮಾಲಯವಲ್ಲ, ಬೋನಾಳದ ಕೆರೆ ಏರಿ. ಸುರಪುರಕ್ಕೆ ಗುಡ್ಡಗಳಿವೆ, ಒಪ್ಪುತ್ತೇನೆ. ಶಹಾಪುರಕ್ಕೆ ಮಲಗಿದ ಬುದ್ಧನಂಥ ಬೆಟ್ಟಸಾಲೇ ಇದೆ. ನನ್ನ ದಾರಿಯಲ್ಲಿ ಮಾತ್ರ ಹೊಲ ಬಿಟ್ಟರೆ ಗದ್ದೆ, ಎಲ್ಲ ತಟ್ಟಿದ ರೊಟ್ಟಿಯ ಹಾಗೆ. ಇರುವ ಒಂದೇ ಚಡಾವು ಆ ಏರಿಯದು. ಸುರಪುರದ ನಾಯಕ ಅರಸರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದ ಕೆರೆ. ಇನ್ನೂರು ವರ್ಷ ಕಳೆದ ಮೇಲೆ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸಾಹೇಬ ರಿಪೇರಿ ಮಾಡಿಸಿದ. ಹಿಂದಿನ ಚಕ್ರಕ್ಕೆ ಚೈನು ಜೋಡಿಸಿದ, ಇಂದಿನ ರೂಪದ ಸೈಕಲ್ಲು ಇಂಗ್ಲೆಂಡಿನಲ್ಲಿ ಚಲಾವಣೆಗೆ ಬಂದದ್ದು 1885ರಲ್ಲಿ. ಟೇಲರ್ 1876ರಲ್ಲೇ ತೀರಿಕೊಂಡಿದ್ದ. ಪೆಡಲ್ ತುಳಿದು ಏರಿ ಹತ್ತುವ ಕಷ್ಟ ಪಾಪ ಅವನಿಗೇನು ಗೊತ್ತು! ಗೊತ್ತಿದ್ದರೆ ಇಳಿಜಾರು ಸ್ವಲ್ಪ ಮೆತ್ತಗೆ ಇಡಿಸುತ್ತಿದ್ದನೇನೋ.

ಅಂಗಡಿಯಲ್ಲೇ ಸೆರಗು ಸಿಕ್ಕಿಸಿ ಹತ್ತಿ ನೋಡಿದೆ. ಹ್ಯಾಂಡಲ್ ಎಷ್ಟು ದೂರವೆಂದರೆ, ಹಿಡಿಯಲು ಬಾಗಿದವಳು ಕಳೆದುಹೋದ ಮೂಗುತಿ ಹುಡುಕುವವಳ ಹಾಗೆ ಕಾಣುತ್ತಿದ್ದೆ. ಹೆಂಗಸರ ಸೈಕಲ್ ಎನ್ನಿಸಿಕೊಳ್ಳಲು ಗುಲಾಬಿ ಬಣ್ಣ ಸಾಲದು. ಅಡ್ಡ ಕಂಬಿ ತಗ್ಗಿರಬೇಕು, ಸೀಟಿನಿಂದ ಹ್ಯಾಂಡಲ್ಲಿಗೆ ಅಂತರ ಕಡಿಮೆ ಇರಬೇಕು, ಸೀಟು ಕೂರುವ ಎಲುಬಿಗೆ ತಕ್ಕಷ್ಟು ಅಗಲವಿರಬೇಕು. ಹಾಗಂತ ಲೋಡಿನಂಥ ಸೀಟೂ ಬೇಡ, ತೊಡೆ ಉಜ್ಜುತ್ತದೆ. ಸಸ್ಪೆನ್ಷನ್ ಅಂತೂ, ಕಡಿಮೆ ಬೆಲೆಯ ಸೈಕಲ್ಲಿನಲ್ಲಿ, ಮೈಗಳ್ಳ ಅಳಿಯನಿದ್ದ ಹಾಗೆ. ಒಂದೆರಡು ಕಿಲೋ ಭಾರ ಹೆಚ್ಚಿಸುತ್ತದೆ, ನಾವು ತುಳಿದ ಬಲದಲ್ಲಿ ಒಂದು ಪಾಲು ಕೂತಲ್ಲೇ ತಿಂದು ಕುಣಿಯುತ್ತದೆ.

“ಸ್ಟ್ಯಾಂಡ್ ಎಲ್ಲಿ?” ಎಂದೆ.

“ಅದು ಎಕ್ಸ್ಟ್ರಾರಿ.”

ಕ್ಯಾರಿಯರು, ಗಂಟೆ, ಮಡ್‌ಗಾರ್ಡು, ಸೀರೆ ಸಿಗದಂತೆ ಹಿಂದಿನ ಗಾಲಿಗೆ ಜಾಳಿಗೆ? ಎಲ್ಲವೂ ಎಕ್ಸ್ಟ್ರಾ. ಹಿಮಾಲಯ ಹತ್ತುವವರು ಸೈಕಲ್ ನಿಲ್ಲಿಸುವುದೇ ಇಲ್ಲವೇನೋ. ಕೊನೆಗೆ ರೇಟು ಕೇಳಿದೆ. ಎರಡು ಕ್ವಿಂಟಲ್ ಮೀರಿತ್ತು.

ರಾತ್ರಿ ಮಗಳು ಫೋನಿನಲ್ಲಿ ಹೇಳಿದ ಕತೆ ಕೇಳಿ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ಈ ಮೌಂಟೇನ್ ಬೈಕ್ ಹುಟ್ಟಿದ್ದೇ ಗುಜರಿಯಿಂದ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಂದಷ್ಟು ಹುಡುಗರು ಮೂವತ್ತು ನಲವತ್ತು ವರ್ಷ ಹಳೆಯ, ದಪ್ಪ ಟೈರಿನ ಸೈಕಲ್ಲುಗಳನ್ನು ಪುಡಿಗಾಸಿಗೆ ಕೊಂಡು ಗುಡ್ಡದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಒಂದು ಸಲ ಇಳಿಯುವಷ್ಟರಲ್ಲಿ ಬ್ರೇಕಿನೊಳಗಿನ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ತುಂಬಿಯೇ ಎರಡನೇ ಇಳಿತ. ಅದಕ್ಕೇ 1976ರಲ್ಲಿ ಅಲ್ಲಿ ಶುರುವಾದ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರು. ಗುಜರಿ ಎಂದ ಮೇಲೆ ನಮಗೇನು ಬರಗಾಲ?

ನಾದಿನಿಯ ಮನೆ ಹಿತ್ತಲಲ್ಲಿ, 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಅವಳ ಮಗಳಿಗೆ ಎಂಟನೇ ತರಗತಿಯಲ್ಲಿ ಸಿಕ್ಕಿದ ಸೈಕಲ್ ಇತ್ತು. ಹುಡುಗಿ ಓದಿ, ಮದುವೆಯಾಗಿ, ಎರಡು ಮಕ್ಕಳನ್ನು ಹಡೆದಿದ್ದಳು. ಸೈಕಲ್ ಕುಳ್ಳು ಒಣಗಿಸುತ್ತಾ ನಿಂತಿತ್ತು. ಹತ್ತಿ ಕೂತೆ. ಕಂಬಿ ತಗ್ಗು, ಹ್ಯಾಂಡಲ್ ಕೈಗೆ ತಾನಾಗಿ ಬಂತು, ಜಾಳಿಗೆ, ಸ್ಟ್ಯಾಂಡು ಎಲ್ಲ ಇದ್ದವು. ಇದಕ್ಕೇ ದಪ್ಪ ಟೈರು ಹಾಕಿಸಿದರಾಯಿತು ಎಂದು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದೆ. ಮಿಸ್ತ್ರಿ ತಲೆಯಾಡಿಸಿದ. “ಕೂಡೂದಿಲ್ರಿ. ಇದೂ ಇಪ್ಪತ್ತಾರು ಇಂಚ, ಅದೂ ಇಪ್ಪತ್ತಾರು ಇಂಚ. ಆದ್ರ ರಿಮ್ಮಿನ ಅಳತಿ ಬ್ಯಾರೆ.” ನಿಜವೇ. ಇಪ್ಪತ್ತಾರು ಒಂದೂ ಮೂರೆಂಟಾಂಶದ ಟೈರು ಕೂರುವ ರಿಮ್ಮಿನ ವ್ಯಾಸ 590 ಮಿಲಿಮೀಟರ್, ಅದೇ ಇಪ್ಪತ್ತಾರರ ಮೌಂಟೇನ್ ಟೈರಿನದು 559. ಹೆಸರೊಂದೇ, ಗೋತ್ರ ಬೇರೆ.

ತೆಳ್ಳನೆ ಟೈರಿನಲ್ಲೇ ಓಡಿಸೋಣವೆಂದು ಮಾರನೇ ದಿನ ಹೊರಟೆ. ರಾತ್ರಿ ಮಳೆಯಾಗಿತ್ತು. ಎರೆ ಮಣ್ಣಿನ ದಾರಿಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಗಾಲಿಗೆ ಮಣ್ಣು ಸುತ್ತಿ, ಮಡ್‌ಗಾರ್ಡಿನೊಳಗೆ ಇಡ್ಲಿ ಹಿಟ್ಟಿನಂತೆ ಉಬ್ಬಿ, ಸೈಕಲ್ ನಿಂತಲ್ಲೇ ನಿಂತಿತು. ಸ್ಟ್ಯಾಂಡಿನ ಅಗತ್ಯವೂ ಬೀಳಲಿಲ್ಲ. ಬದುವಿನ ಮೇಲಿದ್ದ ತೊಗರಿ ಕಟ್ಟಿಗೆ ಮುರಿದು, ಕುಕ್ಕರುಗಾಲಲ್ಲಿ ಕೂತು, ಆ ಸಂದಿನಿಂದ ಒಂದೊಂದೇ ಹೆಂಟೆ ಕೀಳುತ್ತಿದ್ದಾಗ ಮೌಂಟೇನ್ ಬೈಕಿನ ಗಾಲಿಗೂ ಮೈಗೂ ಅಷ್ಟೊಂದು ಸಂದು ಯಾಕೆ ಬಿಟ್ಟಿರುತ್ತಾರೆಂದು ತಿಳಿಯಿತು. ಅದಕ್ಕೆ ಮಡ್‌ಗಾರ್ಡ್ ಇಲ್ಲದಿದ್ದರೆ ಸೀರೆಯ ಬೆನ್ನಿಗೆ ಉದ್ದಕ್ಕೂ ಮಣ್ಣಿನ ಅಂಚು ಮೂಡುತ್ತದೆ ನಿಜ. ಇಳಕಲ್ ಸೀರೆ ಉಡುವವರು ಅಂಚಿಗೆ ಹೆದರಬಾರದು.

ಕೊನೆಗೆ ಅದೇ ಮಿಸ್ತ್ರಿಯೇ ಯಾರೋ ಮಾರಿಹೋದ ಹಳೆಯದೊಂದನ್ನು ಹೊಂದಿಸಿಕೊಟ್ಟ. ಹಿಂದೆ ಏಳು ಗೇರು, ಸಸ್ಪೆನ್ಷನ್ ಇಲ್ಲ, ತಗ್ಗು ಕಂಬಿ, ದಪ್ಪ ಟೈರು, ಬಣ್ಣ ಯಾವುದೆಂದು ಅದಕ್ಕೇ ಮರೆತುಹೋಗಿತ್ತು. ಸ್ಟ್ಯಾಂಡು, ಗಂಟೆ, ಜಾಲಿ ಮುಳ್ಳಿಗೆಂದು ಒಂದು ಹೆಚ್ಚಿನ ಟ್ಯೂಬು ಸೇರಿ ಐದು ಸಾವಿರದ ಇನ್ನೂರು. ಉಳಿದದ್ದು ಎಂಟುನೂರು. ಯಜಮಾನರು, “ಹದಿಮೂರು ಕಿಲೋ ತೊಗರಿ ಉಳೀತು” ಎಂದರು.

ಚಳಿಗಾಲದ ಒಂದು ಬೆಳಗ್ಗೆ ಏರಿಯ ಬುಡದಲ್ಲಿ ನಿಂತೆ. ಹಿಂದಿನ ದೊಡ್ಡ ಹಲ್ಲಿನ ಚಕ್ರಕ್ಕೆ ಚೈನು ಬಿದ್ದರೆ ಹಗುರ, ಸಣ್ಣದಕ್ಕೆ ಬಿದ್ದರೆ ಭಾರ: ಪಾಠ ಒಪ್ಪಿಸಿಕೊಂಡು ಒಂದನೇ ಗೇರಿಗೆ ಹಾಕಿ ತುಳಿದೆ. ಅರ್ಧ ಏರಿದಾಗ ನೀರು ಕಂಡಿತು. ನೇರಳೆ ಜಂಬುಕೋಳಿಗಳು ಜೊಂಡಿನೊಳಗೆ ಓಡಾಡುತ್ತಿದ್ದವು. ಆಚೆಗೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು. ಗೇರಿಲ್ಲ, ಸಸ್ಪೆನ್ಷನ್ ಇಲ್ಲ, ಅಂಗಡಿ ಹುಡುಗ ಹೇಳಿದ ಆ ಹಿಮಾಲಯವನ್ನು ದಾಟಿ ಬಂದು ಆರಾಮಾಗಿ ತೇಲುತ್ತಿದ್ದವು. ನಾನು ಏದುಸಿರು ಬಿಡುತ್ತಾ ಅವನ್ನೇ ನೋಡುತ್ತಿದ್ದರೆ, ಎಮ್ಮೆ ಹೊಡೆದುಕೊಂಡು ಬಂದ ನನ್ನ ಶಾಲೆಯ ಹುಡುಗನೊಬ್ಬ ಪಕ್ಕಕ್ಕೆ ಬಂದ.

“ಅಕ್ಕೋರೆ, ಗೇರ್ ಎಷ್ಟ್ ಅವರಿ?”

“ಏಳು.”

“ಈಗ ಎಷ್ಟರಾಗ ಅದರಿ?”

“ಒಂದರಾಗ.”

ಅವನು ಸ್ವಲ್ಪ ಹೊತ್ತು ಗಾಲಿಯನ್ನೂ ನನ್ನನ್ನೂ ನೋಡಿದ. “ದಬ್ಬಲೇನ್ರಿ?”

ಹೆಬ್ಬಾತುಗಳು ಆ ಕಡೆ ತಿರುಗಿಕೊಂಡಿದ್ದವು. “ದಬ್ಬಪ್ಪ” ಎಂದೆ.