ಬಲಗೈಗೊಂದು ಕೈಪಿಡಿ

ಗಾಡಿ ಕೊಂಡಾಗ ಕಂಪನಿಯವರು ಒಂದು ಪುಸ್ತಕ ಕೊಡುತ್ತಾರೆ. ಆಯಿಲ್ ಯಾವಾಗ ಬದಲಿಸಬೇಕು, ಚೈನು ಎಷ್ಟು ಸಡಿಲವಿರಬೇಕು, ಟೈರಿಗೆ ಎಷ್ಟು ಗಾಳಿ ಹೊಡೆಸಬೇಕು, ಎಲ್ಲ ಅದರಲ್ಲಿದೆ. ಅದು ಟೈರಿನ ಒಳಗಿನ ಗಾಳಿಯ ಮಾತಾಯಿತು. ಹೊರಗಿನ ಗಾಳಿಯ ಬಗ್ಗೆ, ಅಂದರೆ ಡಿಸೆಂಬರಿನ ಬೆಳಗಿನ ಜಾವ ಐದಕ್ಕೆ ಅಜ್ಜಂಪುರದಿಂದ ಬೀರೂರಿಗೆ ಹೊರಟವನ ಬೆರಳ ಸಂದಿಗೆ ನುಗ್ಗುವ ಗಾಳಿಯ ಬಗ್ಗೆ, ಒಂದು ಸಾಲೂ ಇಲ್ಲ. ನಟ್ಟು ಬೋಲ್ಟಿಗೂ ಚಿತ್ರ ಬರೆದು ನಂಬರು ಕೊಟ್ಟವರು ಹ್ಯಾಂಡಲ್ ಹಿಡಿದ ಕೈಯನ್ನು ಮಾತ್ರ ಮರೆತಿದ್ದಾರೆ. ಆ ಕೊರತೆಗೆ ಈ ಕೈಪಿಡಿ. ಕೈಯೂ ಪಿಡಿಯೂ ಒಟ್ಟಿಗೇ ಇರುವ ಇಂಥ ಪದವನ್ನು ಯಾರೋ ಪುಣ್ಯಾತ್ಮರು ಮೊದಲೇ ಮಾಡಿಟ್ಟಿದ್ದಾರೆ. ಬಹುಶಃ ಅವರೂ ಚಳಿಗಾಲದಲ್ಲಿ ಬೀರೂರಿಗೆ ಹೋಗಿಬಂದವರೇ ಇರಬೇಕು.

ಯಾರಿಗಾಗಿ

ಮಲೆನಾಡಿನವರಿಗಲ್ಲ. ಅವರಿಗೆ ಮಳೆಯ ಕೈಪಿಡಿ ಬೇಕು, ಅದನ್ನು ಅವರೇ ಬರೆದುಕೊಳ್ಳಲಿ. ಬೆಂಗಳೂರಿನವರಿಗೂ ಅಲ್ಲ, ಅಲ್ಲಿ ಸಿಗ್ನಲ್ಲಿಗೊಮ್ಮೆ ಕೈ ಬಿಡುವಾಗುತ್ತದೆ. ಇದು ನಮ್ಮ ಅಜ್ಜಂಪುರದವರಿಗೆ. ಸಾಹಿತ್ಯ ಓದಿದವರಿಗೆ ಅಜ್ಜಂಪುರ ಎಂದರೆ ‘ಆನಂದ’ ಎಂಬ ಹೆಸರಿನಲ್ಲಿ ಕತೆ ಬರೆದ ಸೀತಾರಾಮರ ಊರು. ದನದ ಬಗ್ಗೆ ತಿಳಿದವರಿಗೆ ಅಮೃತಮಹಲ್ ತಳಿಕೇಂದ್ರ. ಮಂಡಿಯವರಿಗೆ ಈರುಳ್ಳಿ. ಬೆಳಗಿನ ಜಾವ ಗಾಡಿ ಹೊರಡಿಸುವವನಿಗೆ ಮಾತ್ರ ಅದು ಪಶ್ಚಿಮದಲ್ಲಿ ಬಾಬಾಬುಡನ್ ಸಾಲು, ಪೂರ್ವಕ್ಕೆ ಏನೂ ಇಲ್ಲದ ಬಯಲು. ತರೀಕೆರೆ ಕಡೆಗೆ ಹೋದರೆ ಅಡಿಕೆ, ತೆಂಗಿನ ತೋಟಗಳು ಅಷ್ಟಿಷ್ಟು ಗಾಳಿ ತಡೆಯುತ್ತವೆ. ಈರುಳ್ಳಿ ಗಿಡ ಗಾಳಿ ತಡೆದದ್ದನ್ನು ಯಾರಾದರೂ ಕಂಡಿದ್ದಾರೆಯೇ?

ಈ ವಿಷಯದಲ್ಲಿ ಅಮೃತಮಹಲ್ ದನಗಳಿಗಿರುವ ಬುದ್ಧಿ ನಮಗಿಲ್ಲ. ಚಿಕ್ಕದೇವರಾಜ ಒಡೆಯರ ‘ಬೆಣ್ಣೆ ಚಾವಡಿ’ಯಿಂದ ಬಂದ ತಳಿ, ‘ಅಮೃತಮಹಲ್’ ಎಂಬ ಹೆಸರು ಟಿಪ್ಪು ಕಾಲದ್ದು, ಫಿರಂಗಿ ಎಳೆದ ಖ್ಯಾತಿ ಬೇರೆ. ಕಾವಲಿನಲ್ಲಿ ಮೂಡಗಾಳಿ ಬೀಸಿತೋ, ಅವು ಸುಮ್ಮನೆ ತಿರುಗಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತವೆ. ಮೋಟಾರ್‌ಸೈಕಲ್ಲಿನಲ್ಲಿ ಆ ಸೌಲಭ್ಯವಿಲ್ಲ. ಗಾಳಿ ಇಲ್ಲದ ದಿನವೂ ನಾವೇ ಪೆಟ್ರೋಲು ಸುಟ್ಟು ಗಾಳಿ ಹುಟ್ಟಿಸಿಕೊಂಡು, ಅದಕ್ಕೆ ಎದೆ ಕೊಟ್ಟು ಹೋಗುತ್ತೇವೆ.

ಬಿಡಿಭಾಗಗಳ ಪರಿಚಯ

ಕೈ ಎರಡು. ನೋಡುವುದಕ್ಕೆ ಒಂದೇ ಥರ ಇದ್ದರೂ ಗಾಡಿ ಹತ್ತಿದ ಮೇಲೆ ಅವುಗಳ ಜಾತಕ ಬೇರೆ ಬೇರೆ.

ಎಡಗೈ ಪುಣ್ಯವಂತ. ಅದರ ಪಾಲಿಗೆ ಬಂದದ್ದು ಕ್ಲಚ್ಚು, ಹಾರನ್ನು. ಟಾಪ್ ಗೇರಿಗೆ ಬಿದ್ದು ರಸ್ತೆ ನೆಟ್ಟಗಾದರೆ ಅದಕ್ಕೆ ರಜೆ. ಜೇಬಿಗೆ ಹೋಗಬಹುದು, ತೊಡೆಯ ಕೆಳಗೆ ಅವಿತುಕೊಳ್ಳಬಹುದು, ಬಗ್ಗಿ ಎಂಜಿನ್ನಿನ ಬಳಿ ಕಾಯಿಸಿಕೊಂಡೂ ಬರಬಹುದು. (ಕಡೆಯದನ್ನು ಈ ಕೈಪಿಡಿ ಶಿಫಾರಸು ಮಾಡುವುದಿಲ್ಲ. ಬಗ್ಗಿದವನ ಕಣ್ಣು ರಸ್ತೆಯ ಮೇಲಿರುವುದಿಲ್ಲ. ಮಾಡಿ ನೋಡಿಯೇ ಹೇಳುತ್ತಿದ್ದೇನೆ.)

ಬಲಗೈ ಮನೆಯ ಹಿರಿಮಗನಿದ್ದಂತೆ. ಆಕ್ಸಿಲರೇಟರ್ ಅದರದ್ದು, ಮುಂದಿನ ಬ್ರೇಕೂ ಅದರದ್ದು. ಬಿಟ್ಟರೆ ಗಾಡಿ ನಿಲ್ಲುತ್ತದೆ, ಹಿಡಿದರೆ ಕೈ ಸೆಟೆಯುತ್ತದೆ. ಊರು ಬಿಟ್ಟಾಗ ಹಿಡಿದದ್ದನ್ನು ಬೀರೂರು ಜಂಕ್ಷನ್ನಿನ ಮುಂದೆಯೇ ಬಿಡಬೇಕು. ಬೀರೂರಿನಲ್ಲಿ ನಿಲ್ಲುವಷ್ಟು ರೈಲು ನಮ್ಮೂರಿನಲ್ಲಿ ನಿಂತಿದ್ದರೆ ಈ ಕೈಪಿಡಿಯ ಅರ್ಧ ಭಾಗ ಬೇಕಾಗುತ್ತಲೇ ಇರಲಿಲ್ಲ.

ಯಂತ್ರ ಕೆಲಸ ಮಾಡುವ ಬಗೆ

ಮೊದಲು ತಣ್ಣಗಾಗುವುದು ಬೆರಳೇ ಏಕೆ? ಭದ್ರಾ ನಾಲೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಕ್ಕವಳ್ಳಿ ಡ್ಯಾಮಿನಲ್ಲಿ ನೀರು ಕಡಿಮೆಯಾದರೆ ಮೊದಲು ಒಣಗುವುದು ನಾಲೆಯ ಕೊನೆಯ ಭಾಗದ ಗದ್ದೆ. ಮೈಯಲ್ಲೂ ಅದೇ ನೀರಾವರಿ ಇಲಾಖೆ. ಎದೆಗೆ ಚಳಿ ತಾಗಿದ ಕೂಡಲೇ ಒಳಗಿನವರು ಸಭೆ ಸೇರಿ, ಹೃದಯ, ಶ್ವಾಸಕೋಶ, ಮಿದುಳನ್ನು ಬೆಚ್ಚಗಿಡಬೇಕೆಂದು ತೀರ್ಮಾನಿಸಿ, ಕೈಕಾಲಿನ ತುದಿಯ ರಕ್ತನಾಳಗಳ ತೂಬು ಇಳಿಸುತ್ತಾರೆ. ಬೆರಳಾದರೋ ತೆಳ್ಳಗೆ, ಉದ್ದಕ್ಕೆ. ಇರುವ ಶಾಖಕ್ಕಿಂತ ಅದನ್ನು ಕಳೆದುಕೊಳ್ಳುವ ಚರ್ಮವೇ ಹೆಚ್ಚು. ಶಾಖ ಹುಟ್ಟಿಸುವ ದೊಡ್ಡ ಸ್ನಾಯುಗಳೂ ಅಲ್ಲಿಲ್ಲ; ಬೆರಳನ್ನು ಆಡಿಸುವ ಸ್ನಾಯುಗಳಲ್ಲಿ ದೊಡ್ಡವು ಮುಂಗೈಯಲ್ಲಿವೆ. ಕೊನೆಯ ಭಾಗದ ರೈತರು ರಸ್ತೆ ತಡೆಯಾದರೂ ಮಾಡುತ್ತಾರೆ. ಬೆರಳು ಮುಷ್ಕರ ಹೂಡಿದರೆ ಬ್ರೇಕು ಬೀಳುವುದಿಲ್ಲ.

ಇಲ್ಲಿಂದ ಹೊರಡುವ ಮೊದಲ ಸೂಚನೆ ವಿಚಿತ್ರವಾಗಿ ಕಾಣಬಹುದು: ಕೈ ಬೆಚ್ಚಗಿರಬೇಕಾದರೆ ಕೈಗವಸಿಗೆ ಮುಂಚೆ ಎದೆ ಮುಚ್ಚಿ. ಸ್ವೆಟರು ಸಾಲದು. ಅದರ ಕಣ್ಣುಕಣ್ಣಿನಲ್ಲಿ ಗಾಳಿ ಓಡಾಡುತ್ತದೆ. ಸ್ವೆಟರಿಗೂ ಮೇಲಿನ ಜರ್ಕಿನ್ನಿಗೂ ನಡುವೆ ನಿನ್ನೆಯ ಪೇಪರನ್ನು ಮಡಿಸಿ ಎದೆಗೆ ಇಟ್ಟುಕೊಳ್ಳಿ. ಫ್ರಾನ್ಸಿನ ದೊಡ್ಡ ಸೈಕಲ್ ಓಟದಲ್ಲಿ ಬೆಟ್ಟ ಹತ್ತಿದವರು ಇಳಿಯುವಾಗ ಅಂಗಿಯೊಳಗೆ ಪೇಪರ್ ತುರುಕಿಕೊಳ್ಳುತ್ತಿದ್ದರು, ನಾಚಿಕೊಳ್ಳಬೇಕಿಲ್ಲ. ನಾನು ವಿಶೇಷ ಪುರವಣಿಗಳನ್ನು ಎತ್ತಿಡುತ್ತೇನೆ. ದಪ್ಪಗಿರುತ್ತವೆ. ವಿಚಾರದ ತೂಕ ಹೇಗೇ ಇರಲಿ, ಗಾಳಿಗೆ ಗಟ್ಟಿ.

ವೇಗದ ವಿಷಯ

“ರೀ, ನಿಧಾನ ಹೋಗ್ರಿ, ಗಾಳಿ ಹೊಡೀತದೆ” ಎಂದು ಹಿಂದಿನ ಸೀಟಿನಿಂದ ಸೂಚನೆ ಬರುವುದು ಲೋಕರೂಢಿ. ಹಿಂದೆ ಕೂತವರ ಎರಡೂ ಕೈ ನಮ್ಮ ಜರ್ಕಿನ್ನಿನ ಜೇಬಿನಲ್ಲಿ ಬೆಚ್ಚಗಿರುತ್ತವೆ, ನಾವೇ ಅವರಿಗೆ ಗೋಡೆ. ಆದರೂ ಸೂಚನೆ ಅಲ್ಲಿಂದಲೇ.

ಗಾಳಿಯ ಚಳಿಗೆ ಲೆಕ್ಕ ಕಟ್ಟಿದ್ದು ಅಂಟಾರ್ಕ್ಟಿಕಾದಲ್ಲಿ. ಸೈಪಲ್ ಮತ್ತು ಪ್ಯಾಸೆಲ್ ಎಂಬಿಬ್ಬರು ಒಂದು ಕೊಳವೆಯಲ್ಲಿ ನೀರು ತುಂಬಿ ಗಾಳಿಗೆ ತೂಗುಹಾಕಿ, ಅದು ಎಷ್ಟು ಹೊತ್ತಿಗೆ ಹೆಪ್ಪುಗಟ್ಟುತ್ತದೆ ಎಂದು ಕಾದು ಕೂತರು. 1945ರಲ್ಲಿ ಅದನ್ನು ಪ್ರಕಟಿಸಿದರು. ಅಮೆರಿಕ, ಕೆನಡಾದವರು 2001ರಲ್ಲಿ ಆ ಸೂತ್ರವನ್ನು ತಿದ್ದಿದರು. ಅದು ಬರಿಮುಖಕ್ಕೆ ಮಾಡಿದ ಲೆಕ್ಕ, ಆದರೂ ಬರಿಗೈಗೆ ಒಂದು ಅಂದಾಜು ಸಿಗುತ್ತದೆ. ಹತ್ತು ಡಿಗ್ರಿಯ ಬೆಳಗಿನಲ್ಲಿ ಗಂಟೆಗೆ 30 ಕಿಲೋಮೀಟರಿನಲ್ಲಿ ಹೋದರೆ ಚರ್ಮಕ್ಕೆ ಸುಮಾರು ಆರೂವರೆ ಡಿಗ್ರಿಯಂತೆ ಅನಿಸುತ್ತದೆ. 60ರಲ್ಲಿ ಹೋದರೆ ಐದು. ಅಂದರೆ ಮೊದಲ ಮೂವತ್ತೇ ಮೂರೂವರೆ ಡಿಗ್ರಿ ನುಂಗಿತು. ಮುಂದಿನ ಮೂವತ್ತಕ್ಕೆ ಹೋದದ್ದು ಒಂದೂವರೆ ಮಾತ್ರ. ನಿಧಾನ ಹೋದವನು ಆರೂವರೆ ಡಿಗ್ರಿಯಲ್ಲಿ ದುಪ್ಪಟ್ಟು ಹೊತ್ತು ನಡುಗುತ್ತಾನೆ.

ಇದನ್ನು ಕಾಗದದ ಮೇಲೆ ಬರೆದು ಮನೆಯಲ್ಲಿ ಹೆಂಡತಿಗೆ ತೋರಿಸಿದೆ. “ಹಂಗಾದ್ರೆ ಲೆಕ್ಕಾನ ಹಿಂದೆ ಕೂರಿಸ್ಕೊಂಡು ಹೋಗಿ, ನಾನು ಬಸ್ಸಿಗೆ ಬರ್ತೀನಿ” ಎಂದಳು.

ಅವಳ ಮಾತಿನಲ್ಲೂ ನ್ಯಾಯವಿದೆ. 50ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನಾಲ್ಕು ಮೀಟರು ದಾಟುತ್ತದೆ. ಬೆರಳು ಮರಗಟ್ಟಿದವನು ಬ್ರೇಕು ಹುಡುಕುವಷ್ಟರಲ್ಲಿ ಎದುರಿನ ಈರುಳ್ಳಿ ಟ್ರ್ಯಾಕ್ಟರು ಅವನನ್ನು ಹುಡುಕಿಕೊಂಡಿರುತ್ತದೆ. ಆದ್ದರಿಂದ ಪರೀಕ್ಷೆ: ಗಾಡಿ ನಿಲ್ಲಿಸಿ, ಬಲಗೈ ಹೆಬ್ಬೆರಳಿನಿಂದ ಅದೇ ಕೈಯ ಕಿರುಬೆರಳಿನ ತುದಿ ಮುಟ್ಟಿ. ಮುಟ್ಟಲಾಗದಿದ್ದರೆ ಮುಂದೆ ಹೊರಡುವಂತಿಲ್ಲ, ರೈಲು ತಪ್ಪಿದರೂ.

ಅಳವಡಿಸಬಹುದಾದ ಉಪಕರಣಗಳು

ಉಣ್ಣೆಯ ಗ್ಲೌಸು ಸಂತೆಯಲ್ಲಿ ಸಿಗುತ್ತದೆ. ನಿಂತವನಿಗೆ ಬೆಚ್ಚಗೆ, ಹೊರಟವನಿಗೆ ಜರಡಿ. ಅದರ ಮೇಲೊಂದು ಪ್ಲಾಸ್ಟಿಕ್ ಕವರು ಹಾಕಿದರೆ ಗಾಳಿ ನಿಲ್ಲುತ್ತದೆ. ಎಡಗೈಗೆ ಹಾಲಿನ ಕವರು, ಬಲಗೈಗೆ ಬಟ್ಟೆ ಅಂಗಡಿಯ ಕವರು ತೊಟ್ಟು ಹೋದರೆ ಪಟಪಟ ಸದ್ದಿಗೆ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಆಗ ಮೈ ತಾನಾಗಿ ಬಿಸಿಯಾಗುತ್ತದೆ. ಕವರು ಜಾರಿ ಲಿವರಿಗೆ ಸಿಕ್ಕಿಕೊಳ್ಳದಂತೆ ಮಣಿಕಟ್ಟಿನಲ್ಲಿ ರಬ್ಬರ್‌ಬ್ಯಾಂಡ್ ಹಾಕಿ. ಬಿಗಿಯಾಗಿ ಹಾಕಿದರೆ ಇರುವ ರಕ್ತವೂ ನಿಂತೀತು. ಬಿಗಿ ಗ್ಲೌಸಿಗೂ ಇದೇ ಮಾತು.

ಡೈರಿಗೆ ಹಾಲು ಹಾಕುವ ನಮ್ಮ ಬೀದಿಯವರೊಬ್ಬರು ಅಡುಗೆ ಎಣ್ಣೆಯ ಐದು ಲೀಟರ್ ಕ್ಯಾನನ್ನು ಉದ್ದಕ್ಕೆ ಸೀಳಿ ಹ್ಯಾಂಡಲ್ಲಿನ ಎರಡೂ ತುದಿಗೆ ಕಟ್ಟಿಕೊಂಡಿದ್ದಾರೆ. ನೋಡಲು ಚಂದವಿಲ್ಲ. ಆದರೆ ಈ ಕೈಪಿಡಿಯಲ್ಲಿ ಬರುವ ಎಲ್ಲ ಉಪಕರಣಗಳಲ್ಲಿ ಸಂಪೂರ್ಣ ಫಲ ಕೊಟ್ಟದ್ದು ಅದೊಂದೇ ಎಂದು ಒಪ್ಪಿಕೊಳ್ಳಬೇಕು. ಹ್ಯಾಂಡಲ್ಲಿಗೆ ತೊಡಿಸುವ ದೊಡ್ಡ ಚೀಲವನ್ನು ಅಮೆರಿಕದವರು ‘ಹಿಪ್ಪೊ ಹ್ಯಾಂಡ್ಸ್’ ಎಂದು ಹೆಸರಿಟ್ಟು ಮಾರಿದರು. ನಮ್ಮವರು ಕ್ಯಾನಿಗೆ ಹೆಸರಿಟ್ಟಿಲ್ಲ, ಅದರ ಮೇಲೆ ಈಗಲೂ ಸೂರ್ಯಕಾಂತಿಯ ಚಿತ್ರವಿದೆ.

ಕರೆಂಟಿನಿಂದ ಬಿಸಿಯಾಗುವ ಹಿಡಿಗಳೂ ಇವೆ. ದುಬಾರಿ ಗಾಡಿಗಳವರು ಗುಂಡಿ ಒತ್ತಿ ಕೈ ಕಾಯಿಸಿಕೊಳ್ಳುತ್ತಾರೆ. ನಮ್ಮ ಹಳೆಯ ನೂರು ಸಿಸಿ ಗಾಡಿಯ ಹೆಡ್‌ಲೈಟೇ 35 ವ್ಯಾಟಿನದು, ಹಿಡಿಗಳೂ ಸುಮಾರು ಅಷ್ಟನ್ನೇ ಕೇಳುತ್ತವೆ. ಕೈಗೆ ಬಿಸಿ ಬೇಕೋ ಕಣ್ಣಿಗೆ ರಸ್ತೆ ಬೇಕೋ ನೀವೇ ತೀರ್ಮಾನಿಸಿ.

ಮಾಡಬಾರದ್ದು

ಸೈಲೆನ್ಸರ್ ಮುಟ್ಟಬಾರದು. ಮರಗಟ್ಟಿದ ಕೈಗೆ ಸುಟ್ಟದ್ದು ಗೊತ್ತಾಗುವುದಿಲ್ಲ, ವಾಸನೆ ಬಂದಾಗ ತಿಳಿಯುತ್ತದೆ. ಬೀಡಿ ಸೇದಬಾರದು, ತುದಿಯಲ್ಲಿ ಕೆಂಡ ಕಂಡರೂ ಒಳಗೆ ಹೋದ ನಿಕೋಟಿನ್ ಬೆರಳಿನ ರಕ್ತನಾಳವನ್ನೇ ಕಿರಿದು ಮಾಡುತ್ತದೆ. ಗುಟುಕು ಹಾಕಿ ಹೊರಡುವವರಿಗೆ ಮೈ ಬಿಸಿಯೇರಿದಂತೆ ತೋರುವುದು ಒಳಗಿನ ಶಾಖ ಚರ್ಮಕ್ಕೆ ಬಂದು ಹೊರಗೆ ಸೋರುತ್ತಿರುವುದರಿಂದ. ಪೊಲೀಸರ ವಿಷಯ ಬೇರೆ.

“ಬಿಸಿಲು ಬರಲಿ, ಆಮೇಲೆ ಹೊರಡೋಣ” ಎಂದು ಸೂರ್ಯ ಮೂಡುವ ಹೊತ್ತಿಗೇ ಹೊರಡಬಾರದು. ರಾತ್ರಿಯೆಲ್ಲ ತಣಿದ ನೆಲ ಅತಿ ತಣ್ಣಗಿರುವುದು ಆಗಲೇ. ತಗ್ಗಿನಲ್ಲಿ, ಹಳ್ಳದ ಸೇತುವೆಯ ಮೇಲೆ ಚಳಿ ಕಾದು ನಿಂತಿರುತ್ತದೆ, ಏಕೆಂದರೆ ತಣ್ಣನೆಯ ಗಾಳಿ ಭಾರವಾಗಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಇಳಿಜಾರು ಬಂದಾಗ ಎಡಗೈ ಜೇಬಿನಲ್ಲಿದ್ದರೆ ತಕ್ಷಣ ಹೊರತೆಗೆಯಿರಿ. ಬಲಗೈಗೆ ಹೇಳುವುದೇನೂ ಇಲ್ಲ, ಅದು ಅಲ್ಲೇ ಇರುತ್ತದೆ.

ತುರ್ತು ಚಿಕಿತ್ಸೆ

ದಾರಿಯಲ್ಲಿ ತೆಂಗಿನ ಗರಿ, ಮಟ್ಟೆ ಒಟ್ಟಿ ಬೆಂಕಿ ಹಾಕಿಕೊಂಡು ನಾಲ್ಕು ಜನ ಕೂತಿರುತ್ತಾರೆ. ಗಾಡಿ ನಿಧಾನ ಮಾಡಿದರೆ ಸಾಕು, “ಬನ್ನಿ ಮೇಷ್ಟ್ರೇ, ಕೈ ಕಾಸ್ಕಳಿ, ಇಷ್ಟೊತ್ನಲ್ಲಿ ಎಲ್ಲಿಗ್ ಹೊಂಟ್ರಿ?” ಎನ್ನುತ್ತಾರೆ. ನೀವು ಮೇಷ್ಟ್ರಾಗಿರಬೇಕೆಂದೇನಿಲ್ಲ, ತಲೆಗೆ ಮಫ್ಲರ್ ಸುತ್ತಿ ನಡುಗುವವರೆಲ್ಲ ಅವರ ಲೆಕ್ಕದಲ್ಲಿ ಮೇಷ್ಟ್ರೇ. ಅಂಗೈಯನ್ನು ಉರಿಗೆ ಚಾಚಬೇಡಿ, ಒಂದು ಮೊಳ ದೂರವಿರಲಿ. ಮೊದಲು ಜುಮ್ಮೆನ್ನುತ್ತದೆ, ಆಮೇಲೆ ಯಾರೋ ಉಗುರಿನಡಿ ಸೂಜಿ ಆಡಿಸಿದಂತೆ ನೋಯುತ್ತದೆ. ಅದು ತೂಬು ಎತ್ತಿ ಕೊನೆಯ ಭಾಗಕ್ಕೆ ನೀರು ಬಿಟ್ಟ ಲಕ್ಷಣ. ಅಷ್ಟು ಹೊತ್ತಿಗೆ ಈ ವರ್ಷದ ಈರುಳ್ಳಿ ರೇಟು, ಯಾರ ಬೋರಿನಲ್ಲಿ ನೀರು ಬತ್ತಿತು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ತಿಳಿದಿರುತ್ತದೆ. ಒಂದೆರಡು ಸಲ ನಾನು ರೈಲು ತಪ್ಪಿಸಿಕೊಂಡದ್ದು ಚಳಿಯಿಂದಲ್ಲ, ಇಂಥ ಬೆಂಕಿಗಳಿಂದ.

ವಾರಂಟಿ

ಈ ಕೈಪಿಡಿಯ ಅವಧಿ ಶಿವರಾತ್ರಿಯವರೆಗೆ. ಅಂದು ಚಳಿ ಶಿವಶಿವಾ ಎಂದು ಹೊರಟುಹೋಗುತ್ತದೆ. ಆಮೇಲೆ ಪೆಟ್ರೋಲ್ ಟ್ಯಾಂಕಿನ ಮೇಲೆ ದೋಸೆ ಹುಯ್ಯುವ ಕಾಲ. ಗ್ಲೌಸುಗಳನ್ನು ಒಗೆದು ಒಣಗಿಸಿ, ಜೋಡಿ ಮಾಡಿ, ಬೀರುವಿನ ಮೇಲಿನ ಅರೆಯಲ್ಲಿ ನುಸಿಗುಳಿಗೆಯ ಜೊತೆ ಜೋಪಾನವಾಗಿಡಿ. ನಾನು ಪ್ರತಿ ವರ್ಷವೂ ಹಾಗೇ ಇಡುತ್ತೇನೆ. ಮುಂದಿನ ಧನುರ್ಮಾಸದಲ್ಲಿ ತೆಗೆದು ನೋಡಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಸಿಗುವುದು ಎಡಗೈಯದು.