ಸರ್ವಸನ್ನದ್ಧರು

ಹಾರೆ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಆಳೆತ್ತರದ ಕಬ್ಬಿಣವೂ ಅದನ್ನೆತ್ತಿ ಬಂಡೆಯನ್ನು ಮೀಟುವ ಬೆವರಿದ ತೋಳೂ. ಆದರೆ ಬೆರಳುದ್ದವಾಗಿ, ಬೀಗದಕೈ ಗೊಂಚಲಿನಲ್ಲಿ ತೂಗಾಡುತ್ತ, ಷರಾಯಿಯ ಜೇಬಿನಲ್ಲಿ ಸುಖವಾಗಿ ಅಡಗಿರಬಲ್ಲ ಹಾರೆಯೂ ಈಗ ಲೋಕದಲ್ಲಿ ಅವತರಿಸಿದೆಯೆಂಬುದನ್ನು, ಅದನ್ನು ಧರಿಸದೆ ಹೊಸ್ತಿಲು ದಾಟುವುದು ವಿವೇಕಿಗಳಿಗೆ ತಕ್ಕುದಲ್ಲವೆಂಬುದನ್ನು, ನನಗೆ ಉಪದೇಶಿಸಿದವರು ಜಯನಗರದ ಸರ್ವಸನ್ನದ್ಧರು.

ಇದು ಅವರ ನಾಮಧೇಯವಲ್ಲ, ಲಕ್ಷಣ. ತಂತ್ರಾಂಶದ ಕಂಪನಿಯಲ್ಲಿ ಉದ್ಯೋಗ; ಹಗಲೆಲ್ಲ ತಿರುಗುಕುರ್ಚಿಯಲ್ಲಿ ವಾಸ. ಅವರ ಮೈಮೇಲಿನ ಜೇಬುಗಳನ್ನು ಶೋಧಿಸಿದರೆ ಕಿರುದೀಪವೊಂದು, ಮಡಿಸುವ ಚಾಕುವೊಂದು, ಮಳೆಯಲ್ಲಿಯೂ ಬರೆಯಬಹುದಾದ ಪುಸ್ತಕವೊಂದು, ಸುಮಾರು 250 ಕಿಲೋ ಭಾರವನ್ನು ತಡೆಯಬಲ್ಲ ಪ್ಯಾರಾಚೂಟಿನ ಹಗ್ಗ ಒಂದು ಮಾರು, ಇಷ್ಟು ದೊರೆಯುವುದುಂಟು. ಆ ಹಗ್ಗದಿಂದ ಅವರು ಈವರೆಗೆ ಕಟ್ಟಿರುವುದು ಆ ಹಗ್ಗದ ಸುರುಳಿಯನ್ನು ಮಾತ್ರ.

ಜೇಬಿನ ಹಾರೆಗೆ ಶಾಸ್ತ್ರಾಧಾರವಿಲ್ಲವೆಂದು ತಿಳಿಯಬಾರದು. ಚಾಕುವಿನ ಮೊನೆಯಿಂದ ಡಬ್ಬದ ಮುಚ್ಚಳವನ್ನು ಮೀಟಿದರೆ ಮೊನೆ ಮುರಿಯುತ್ತದೆ. ಆದುದರಿಂದ ಚಾಕುವನ್ನು ರಕ್ಷಿಸಲು ಹಾರೆ ಬೇಕು. ಅಮೆರಿಕದಲ್ಲಿ ಪೀಟರ್ ಆಟ್‌ವುಡ್ ಎಂಬ ಕುಶಲಕರ್ಮಿ ಇಂಥ ಪುಟ್ಟ ಉಪಕರಣಗಳನ್ನು ತಾನೇ ತಯಾರಿಸಿ ಮಾರಿ ಪ್ರಸಿದ್ಧನಾದನೆಂಬುದನ್ನು ಸರ್ವಸನ್ನದ್ಧರು ಗುರುಪರಂಪರೆಯನ್ನು ಹೇಳುವ ಗಾಂಭೀರ್ಯದಿಂದ ಹೇಳುತ್ತಾರೆ. ಚಾಕುವನ್ನು ರಕ್ಷಿಸುವ ಹಾರೆಯನ್ನು ರಕ್ಷಿಸಲು ಅವರು ಚರ್ಮದ ಒರೆಯೊಂದನ್ನು ಹೊಲಿಸಿದ್ದಾರೆ. ಒರೆಗೆ ತಿಂಗಳಿಗೊಮ್ಮೆ ಜೇನುಮೇಣದ ಲೇಪನವಾಗುತ್ತದೆ.

ಇರಲಿ. ಶೇಕಡ ಆರು ಅಲ್ಯುಮಿನಿಯಮ್, ನಾಲ್ಕು ವನೇಡಿಯಮ್ ಬೆರೆತ ಟೈಟೇನಿಯಮ್ಮಿನ ಆ ಹಾರೆ ಸುಂಕ ತೆತ್ತು ಕಡಲು ದಾಟಿ ಬಂದ ದಿನವೇ ಅದು ಇದ್ದಂತೆ ಇರತಕ್ಕದ್ದಲ್ಲವೆಂದು ಅವರಿಗೆ ತೋರಿತು. ಜೇಬು ಹರಿಯದಿರಲೆಂದು ಅಂಚುಗಳಿಗೆ ಅರ ಹಾಕಿದರು. ಅರದ ಗೆರೆ ಕಾಣದಿರಲೆಂದು ಉಪ್ಪುಕಾಗದದಿಂದ ಉಜ್ಜಿದರು. ಉಜ್ಜಿದ ಮೈ ಬೋಳಾಗಿ ಕಂಡುದರಿಂದ ವರ್ಣಸಂಸ್ಕಾರಕ್ಕೆ ತೊಡಗಿದರು. ಇದರ ವಿಧಿ ನಿಜವಾಗಿಯೂ ಸೊಗಸಾದುದು. ಎಸ್.ಪಿ. ರಸ್ತೆಯಿಂದ ಒಂಬತ್ತು ವೋಲ್ಟಿನ ಬ್ಯಾಟರಿಗಳನ್ನು ತಂದು, ಅಡುಗೆ ಸೋಡ ಕದಡಿದ ನೀರಿನಲ್ಲಿ ಹಾರೆಯನ್ನು ಧನಧ್ರುವಕ್ಕೂ ಮನೆಯ ಸ್ಟೀಲ್ ಚಮಚವನ್ನು ಋಣಧ್ರುವಕ್ಕೂ ಸೇರಿಸಿ ಮುಳುಗಿಸಿದರೆ, ಮೂರು ಬ್ಯಾಟರಿಗಳ 27 ವೋಲ್ಟಿಗೆ ಹಾರೆ ನೀಲಿಯಾಗುತ್ತದೆ. ಆರರ 54 ವೋಲ್ಟಿಗೆ ಹೊಂಬಣ್ಣಕ್ಕೆ ತಿರುಗುತ್ತದೆ. ಲೋಹದ ಮೈಮೇಲೆ ಬೆಳೆಯುವ ಪಾರದರ್ಶಕವಾದ ಆಕ್ಸೈಡಿನ ಪೊರೆ ದಪ್ಪವಾದಂತೆಲ್ಲ ಬೆಳಕಿನ ವ್ಯತಿಕರಣದಿಂದ ವರ್ಣ ಬದಲಾಗುವುದೇ ಹೊರತು, ಅಲ್ಲಿ ರಂಗೆಂಬ ದ್ರವ್ಯವೇ ಇಲ್ಲ. ಸಾಬೂನಿನ ಗುಳ್ಳೆಯಲ್ಲಿ ಮೂಡುವ ಬಣ್ಣದಂತೆ. ಇದನ್ನು ಅವರು ವಿವರಿಸುವಾಗ ಕೇಳುತ್ತ ಕುಳಿತರೆ, ಸಂಬಳಕ್ಕಾಗಿ ಮಾಡುವ ಕೆಲಸವನ್ನು ಕುರಿತು ಈ ಮನುಷ್ಯ ಒಮ್ಮೆಯೂ ಇಷ್ಟು ಹರ್ಷದಿಂದ ಮಾತನಾಡಿದುದಿಲ್ಲವಲ್ಲ ಎನಿಸುತ್ತದೆ. ಇಂಥವರನ್ನು ನೋಡಿ ನಗುವುದು ಸುಲಭ; ಆದರೆ ಸೈಟು ತೆಗೆದುಕೊಂಡು ಸಿಕ್ಕಿದವರಿಗೆಲ್ಲ ಅದರ ಚದರಡಿಯ ಬೆಲೆಯನ್ನು ಹೇಳುವವರಿಗಿಂತ ಇವರ ಸಹವಾಸ ಎಷ್ಟೋ ವಾಸಿ.

ಆದರೆ ಹೊಂಬಣ್ಣದ ಹಾರೆ ತೀರ ಹೊಸತಾಗಿ ಕಂಡಿತು. ದುಡಿಯದ ಆಯುಧವೆಂದು ನೋಡಿದವರು ಎಣಿಸುವುದಿಲ್ಲವೆ? ಎಂತಲೇ ಅದನ್ನು ಬೆಣಚುಕಲ್ಲುಗಳೊಡನೆ, ನೀರು, ಸಾಬೂನಿನೊಡನೆ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ತುಂಬಿ, ಭಾನುವಾರ ಹಗಲೆಲ್ಲ ಪತ್ರಿಕೆ ಓದುತ್ತ ಅಂಗಾಲಿನಿಂದ ಅತ್ತಿತ್ತ ಉರುಳಿಸಿ, ವರ್ಷಾನುವರ್ಷ ಬಂಡೆ ಮೀಟಿ ಸವೆದ ವೃದ್ಧಹಾರೆಯ ಛಾಯೆಯನ್ನು ಸಂಜೆಯ ಕಾಫಿಯೊಳಗಾಗಿ ತಂದುಕೊಟ್ಟರು. ಇಷ್ಟೂ ಕಾಲ ಅದು ಒಂದು ಡಬ್ಬದ ಮುಚ್ಚಳವನ್ನೂ ಮುಟ್ಟಿರಲಿಲ್ಲ.

ಆ ವಾರವೇ ತಿಪಟೂರಿನಿಂದ ಅವರ ಅತ್ತೆ ಬಂದರು, ತೋಟದ ತೆಂಗಿನ ಮೂಟೆಯೊಡನೆ. ಒಡೆದು ಬಿಸಿಲಿಗಿಟ್ಟ ಹೋಳುಗಳನ್ನು ಕರಟದಿಂದ ಎಬ್ಬಿಸಲು ಏನಾದರೂ ಸಿಕ್ಕೀತೆಂದು ಹುಡುಕುತ್ತಿದ್ದ ಆ ತಾಯಿಗೆ ಮೇಜಿನ ಮೇಲೆ ಒರೆಸಹಿತವಾಗಿ ಸಿಕ್ಕಿದ್ದು ಇದೇ. ಕರಟಕ್ಕೂ ಕಾಯಿಗೂ ನಡುವೆ ಅದರ ಬಾಯಿಟ್ಟು, ಹಿಂಬದಿಗೆ ಕುಟ್ಟಾಣಿಯಿಂದ ಎರಡೇಟು ಹಾಕಿ, ಅಳಿಯಂದಿರು ಕಛೇರಿಯಿಂದ ಮರಳುವುದರೊಳಗೆ ಅರ್ಧ ಮೂಟೆಯನ್ನು ಮುಗಿಸಿದ್ದರು.

"ನಿಮ್ಮ ಈ ಕಂಬಿ ಬಲು ಚೆನ್ನಾಗಿದೆ," ಎಂದರು. "ಹಿಡಿ ಇನ್ನೊಂದು ಗೇಣು ಉದ್ದ ಮಾಡಿಸಬೇಕಿತ್ತು, ಅಷ್ಟೆ."

ಸರ್ವಸನ್ನದ್ಧರು ಮಾತನಾಡದೆ ಹಾರೆಯನ್ನು ದೀಪದಡಿಗೆ ಒಯ್ದು, ಭೂತಗನ್ನಡಿಯಿಂದ ಕುಟ್ಟಾಣಿಯ ಗಾಯವನ್ನು ಬಹುಹೊತ್ತು ಪರೀಕ್ಷಿಸಿ, ಅರವನ್ನೂ ಉಪ್ಪುಕಾಗದವನ್ನೂ ತೆಗೆದುಕೊಂಡು ಕುಳಿತರು. ಆ ಗಾಯವನ್ನು ಅಳಿಸಿ, ಪುನಃ ಬಣ್ಣವೇರಿಸಿ, ಪುನಃ ಕಲ್ಲುಗಳ ನಡುವೆ ಉರುಳಿಸಿ, ದುಡಿದು ಸವೆದಂತೆ ಕಾಣಿಸಲು ಎಷ್ಟು ಭಾನುವಾರಗಳು ಬೇಕಾದಾವೆಂದು ಅವರು ಲೆಕ್ಕ ಹಾಕುತ್ತಿರುವಾಗಲೇ ಅಡುಗೆಮನೆಯಿಂದ ಕೇಳಿಸಿತು:

"ಅಲ್ವೇ, ನಿಮ್ಮ ಯಜಮಾನರು ಆ ಕಂಬಿ ಎಲ್ಲಿಟ್ಟರು ಕೇಳು. ಇನ್ನೂ ಅರ್ಧ ಮೂಟೆ ಬಾಕಿ ಇದೆ."